ದೊಡ್ಡಮ್ಮ ಕೊಡದ ಟವಲು

ಎಸ್ತರ್ ದೊಡ್ಡಮ್ಮ ಟವಲು ಮಡಿಸುವುದನ್ನು ನೋಡಿದರೆ ಸಾಕು, ಸಿಟ್ಟಿನವಳೆಂದು ಗೊತ್ತಾಗುತ್ತಿತ್ತು. ಪಟಪಟ ಕೊಡವಿ, ಯಾರದೋ ಕೆನ್ನೆಗೆ ಬಾರಿಸುವಂತೆ ತಟ್ಟಿ ಮಡಿಸುವಳು. ನನ್ನ ಅಮ್ಮನ ಅಕ್ಕ. ಹಲಸೂರಿನ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು, ಶಿವಾಜಿನಗರದ ಅಂಗಡಿಯೊಂದಕ್ಕೆ ರವಿಕೆ ಹೊಲಿದುಕೊಡುತ್ತಿದ್ದಳು. ಭಾನುವಾರ ಬಸ್ಸು ಹತ್ತಿ ಕೆ.ಆರ್. ಪುರಂನ ನಮ್ಮ ಸಭೆಗೆ ಬರುವಳು.

ನಮ್ಮದು ತಗಡಿನ ಸೂರಿನ ಸಣ್ಣ ಚರ್ಚು. ದೀಕ್ಷಾಸ್ನಾನದ ದಿನ ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿ. ಪಾಸ್ಟರು ಅದರೊಳಗೆ ನಿಂತು ಒಬ್ಬೊಬ್ಬರನ್ನೇ ಪೂರ್ತಿ ಮುಳುಗಿಸಿ ಎತ್ತುವರು. ಮೇಲಿನ ಮೆಟ್ಟಿಲಲ್ಲಿ ನಿಂತು, ಒದ್ದೆಯಾಗಿ ಬಂದವರ ಹೆಗಲಿಗೆ ಬಿಳಿ ಟವಲು ಹೊದಿಸುವುದು ದೊಡ್ಡಮ್ಮನ ಕೆಲಸ. "ಮುಳುಗೋದು ಸುಲಭ ಕಣೇ," ಎಂದು ನನಗೆ ಹೇಳುತ್ತಿದ್ದಳು. "ಎದ್ದು ಬಂದ್ಮೇಲೆ ಮನೇಲಿ ಬೇರೆ ಮನುಷ್ಯ ಆಗಿರ್ಬೇಕು. ಅದಿಲ್ದಿದ್ರೆ ಅದು ಬರೀ ಸ್ನಾನ."

ಅಪ್ಪ ಆ ತೊಟ್ಟಿಗೆ ಇಳಿದಾಗ ನಾನು ಪಿಯುಸಿ ಓದುತ್ತಿದ್ದೆ. ವರ್ಷಗಟ್ಟಲೆ ಕುಡಿದು ಬಂದು ಅಮ್ಮನಿಗೆ ಹೊಡೆದವನು. ಅವಳ ಎಡಗೈ ಮಣಿಕಟ್ಟು ಇವತ್ತಿಗೂ ನೆಟ್ಟಗಿಲ್ಲ. ಕುಡಿತ ಬಿಟ್ಟಿದ್ದ, ಅದು ನಿಜ. ನೀರಿನಲ್ಲಿ ನಿಂತು ಸಾಕ್ಷಿ ಹೇಳಿದ: "ಹಳೇ ಡೇವಿಡ್ ಸತ್ತೋದ. ದೇವರು ನನ್ನ ಪಾಪಾನೆಲ್ಲ ಕ್ಷಮಿಸಿದಾನೆ." ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹೆಂಗಸರ ಸಾಲಿನಲ್ಲಿ ಅಮ್ಮ ತಲೆ ತಗ್ಗಿಸಿ ಕೂತಿದ್ದಳು. ಅವಳ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮುಳುಗೆದ್ದು ಮೆಟ್ಟಿಲು ಹತ್ತಿದ ಅಪ್ಪ ಕೈ ಚಾಚಿದ. ದೊಡ್ಡಮ್ಮ ಟವಲನ್ನು ಎದೆಗೆ ಅವುಚಿಕೊಂಡಳು.

"ಅಲ್ಲಿ ಕೂತಿದಾಳೆ ನೋಡಿ. ಮೊದ್ಲು ಅವಳ ಹತ್ರ ಕ್ಷಮೆ ಕೇಳಿ ಬನ್ನಿ. ಆಮೇಲೆ ಕೊಡ್ತೀನಿ."

"ಅಕ್ಕ, ಎಲ್ರೂ ನೋಡ್ತಿದಾರೆ."

"ಹೊಡೆಯೋವಾಗ್ಲೂ ವಠಾರದವ್ರೆಲ್ಲ ನೋಡ್ತಿದ್ರು."

"ಸಿಸ್ಟರ್, ಇದು ಸಂತೋಷದ ಸಮಯ," ಎಂದರು ಪಾಸ್ಟರು, ತೊಟ್ಟಿಯೊಳಗಿಂದಲೇ. ಅಪ್ಪ ನಡುಗುತ್ತಾ ನಿಂತ, ಆದರೆ ಕೇಳಲಿಲ್ಲ. ಕೊನೆಗೆ ಯಾರೋ ಹಿರಿಯರು ತಮ್ಮ ಕೋಟನ್ನೇ ಬಿಚ್ಚಿ ಅವನಿಗೆ ಹೊದಿಸಿದರು. ಆಮೇಲೆ ಟವಲಿನ ಕೆಲಸ ಬೇರೆಯವರಿಗೆ ಹೋಯಿತು. ಅಪ್ಪ ಸಭೆಯ ಹಿರಿಯನಾದ. ಇದೆಂಥ ನ್ಯಾಯವೋ ನನಗಂತೂ ಇನ್ನೂ ಅರ್ಥವಾಗಿಲ್ಲ.

ದೊಡ್ಡಮ್ಮ ಸಭೆ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಅಪ್ಪ ಪ್ರಾರ್ಥನೆಗೆ ಎದ್ದಾಗಲೆಲ್ಲ ಅವನನ್ನೇ ದುರುಗುಟ್ಟಿ ನೋಡುವಳು. ಹೊರಗೆ ಬಂದೊಡನೆ ಅವನಿಗೆ ಒಂದೇ ಪ್ರಶ್ನೆ: "ಕೇಳಿದ್ರಾ?" ಅಮ್ಮ, "ಬಿಡಕ್ಕ, ಈಗ ಚೆನ್ನಾಗಿದಾರಲ್ಲ," ಎಂದರೆ ಅವಳಿಗೂ ಬೈಗುಳ.

ಕೊನೆಯ ಸಲ ದೊಡ್ಡಮ್ಮನನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಅಪ್ಪ ಪ್ರಾರ್ಥಿಸಲೆಂದು ಅವಳ ತಲೆಯ ಮೇಲೆ ಕೈಯಿಡಹೋದ. ಅವಳು ಆ ಕೈಯನ್ನು ಸರಿಸಿದಳು.

"ಕೇಳಿದ್ರಾ?"

"ದೇವರ ಹತ್ರ ಕೇಳಿದೀನಿ ಅಕ್ಕ."

"ನೀವು ಹೊಡೆದಿದ್ದು ದೇವರಿಗಲ್ಲ," ಎಂದು ಗೋಡೆಯ ಕಡೆ ಹೊರಳಿದಳು.

ಅವಳನ್ನು ಮಣ್ಣು ಮಾಡಿದ ದಿನ ಅಪ್ಪ ಎಲ್ಲರಿಗಿಂತ ಜೋರಾಗಿ ಅತ್ತ. ಜೇಬು ತಡಕಾಡಿದ, ಕರ್ಚೀಫು ಸಿಗಲಿಲ್ಲ. ಅಮ್ಮ ಎಂದಿನಂತೆ ತನ್ನ ಕರ್ಚೀಫನ್ನು ತೆಗೆದು, ಆ ಸೊಟ್ಟ ಕೈಯಲ್ಲೇ ಅವನತ್ತ ಚಾಚಿದಳು. ನಾನು ನಡುವೆ ಬಂದು ಅದನ್ನು ಕಿತ್ತುಕೊಂಡೆ.

"ಮೊದ್ಲು ಕೇಳಪ್ಪ," ಎಂದೆ.