ಮೊದಲು ಪೂಜೆ, ಆಮೇಲೆ ದುಡ್ಡು

ಬೆಳಿಗ್ಗೆ ನೀರು ಹಿಡಿದು, ಹಸುವಿಗೆ ಹುಲ್ಲು ಹಾಕಿ, ಪೂಜೆ ಸಾಮಾನು ಜೋಡಿಸಿಕೊಂಡು, ಹೊಸ ಕಾರು ತರಲು ಅತ್ತೆಯವರನ್ನೂ ಕರೆದುಕೊಂಡು ನೆಲಮಂಗಲದ ಷೋರೂಮಿಗೆ ಹೋದೆವು. ರಾಹುಕಾಲ ಹತ್ತಿರವಾಗಿತ್ತು. ಅಷ್ಟರೊಳಗೆ ಕಾರು ಹೊರಡಿಸಬೇಕೆಂದು ಯಜಮಾನರು ಬಾಕಿ ಹಣ ಕಟ್ಟಲು ಮೊಬೈಲ್ ತೆಗೆದರು.

"ತಡಿಯೋ, ಪೂಜೆ ಆಗ್ದೆ ದುಡ್ಡು ಕೊಡ್ಬೇಡ," ಎಂದರು ಅತ್ತೆ.

"ಅವ್ವಾ, ರಾಹುಕಾಲ ಬಂದ್ಬಿಡುತ್ತೆ!"

"ಬರ್ಲಿ ಬಿಡು, ಅದೂ ಕಾರ್ ನೋಡ್ಕಂಡು ಹೋಗ್ಲಿ."

ಅತ್ತೆ ನಿಧಾನವಾಗಿ ಒಂದೊಂದೇ ಚಕ್ರಕ್ಕೆ ಕುಂಕುಮ ಇಡುತ್ತಾ ಸುತ್ತು ಬಂದರು. ಹಿಂದಿನ ಬಾಗಿಲ ಬಳಿ ನಿಂತು ಸೆರಗಿನಿಂದ ಒರೆಸಿದರು. "ಇಲ್ಲಿ ಬಣ್ಣ ಬ್ಯಾರೆ ಐತಲ್ಲಪ್ಪಾ?"

ಬಗ್ಗಿ ನೋಡಿದೆವು. ಆ ಬಾಗಿಲು ಮಾತ್ರ ಒಂದಿಷ್ಟು ಕಪ್ಪಾಗಿತ್ತು. ಲಾರಿಯಿಂದ ಇಳಿಸುವಾಗ ತರಚಿತ್ತು, ಬಣ್ಣ ಹೊಡೆಸಿದ್ದೇವೆ ಎಂದು ಷೋರೂಮಿನವರು ಮೆಲ್ಲಗೆ ಒಪ್ಪಿಕೊಂಡರು. ಯಜಮಾನರು ಮೊಬೈಲನ್ನು ಜೇಬಿಗಿಳಿಸಿ, "ಬೇರೆ ಗಾಡಿ ತರ್ಸಿ. ಬಿಸ್ಲಲ್ಲಿ ನಿಲ್ಸಿ ಸುತ್ತಾ ನೋಡಿದ್ಮೇಲೆ ಕಟ್ತೀನಿ," ಎಂದರು.

ಬಸ್ಸಿನಲ್ಲೇ ವಾಪಸು ಬಂದೆವು. ಹೊಸ ಕಾರಿಗೆಂದು ಮಾಡಿಟ್ಟಿದ್ದ ಶಾವಿಗೆ ಪಾಯಸವನ್ನು ಕಾರಿಲ್ಲದೆಯೇ ಉಂಡೆವು. ಹಿಂದಿನ ರಾತ್ರಿಯೆಲ್ಲ ಕಾರಿನ ಖುಷಿಯಲ್ಲಿ ಹೊರಳಾಡಿದ್ದ ಯಜಮಾನರು ಅಂದು ಎಲ್ಲರಿಗಿಂತ ಮೊದಲು ನಿದ್ದೆ ಹೋದರು.