ಮಾರುವವನ ಮುಖ ನೋಡಿ ಬೆಲೆ ಹೇಳುತ್ತಿದ್ದ ಯಮನವ್ವ

ಯಮನವ್ವ ದೋಣಿಗೆ ಹೊಡೆಯುವಾಗ ದೋಣಿಯನ್ನು ನೋಡುತ್ತಿರಲಿಲ್ಲ, ಅದನ್ನು ಮಾರಲು ಬಂದವನ ಮುಖ ನೋಡುತ್ತಿದ್ದಳು. ಕೈಯಲ್ಲಿ ಜಾಲಿ ಕಟ್ಟಿಗೆಯ ದಪ್ಪ ಕೊಡತಿ. ಅದನ್ನು ಹೆಗಲ ಮೇಲಿನಿಂದ ಬೀಸಿ, ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಒಂದೊಂದು ಹಲಗೆಗೂ ಒಂದೊಂದು ಏಟು ಹಾಕುತ್ತಿದ್ದಳು. ಯಾವ ಏಟಿಗೆ ಮಾರುವವನ ಹುಬ್ಬು ಅಲುಗಿತೋ, ಯಾವುದಕ್ಕೆ ಅವನು ಉಗುಳು ನುಂಗಿದನೋ, ಅಲ್ಲಿ ಮರ ಕೊಳೆತಿದೆ ಎಂದೇ ತೀರ್ಮಾನ. ಹುಬ್ಬು ಒಮ್ಮೆ ಅಲುಗಿದರೆ ಬೆಲೆಯಲ್ಲಿ ಇಪ್ಪತ್ತೈದು ರೂಪಾಯಿ ಖೋತಾ.

"ಇಂಜಿನ್ ಸದ್ದಿಗೆ ನನ್ನ ಕಿವಿ ಹೋಗ್ಯಾವ್ರಿ," ಎನ್ನುತ್ತಿದ್ದಳು. "ದೋಣಿ ಏನ್ ಹೇಳ್ತದ ನನಗ ಕೇಳಸೂದಿಲ್ಲ. ಮಾರಾಂವಗ ಎಲ್ಲಾ ಗೊತ್ತಿರ್ತದಲ್ಲ, ಅವನ ಮಾರಿನ ನೋಡ್ತೀನಿ."

ಕೃಷ್ಣಾ ತೀರದ ಅಂಬಿಗರ ಹೆಣ್ಣು. ಪುಣೆಯ ಸಾಹೇಬರ ದೋಣಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತೆಂದು ಗಂಡನ ಜೊತೆ ಬಂದು ಮುಳಾ-ಮುಠಾ ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿದ್ದಳು. ಆ ಗಂಡ ಹೊಸ ಹಸಿರು ಬಣ್ಣಕ್ಕೆ ಮರುಳಾಗಿ ಒಂದು ಹಳೆಯ ಮೋಟಾರು ದೋಣಿ ಕೊಂಡ. ತಳದಲ್ಲಿ ಪೆಟ್ರೋಲು ಸೋರಿ ನಿಂತಿತ್ತು. ಹ್ಯಾಂಡಲ್ ತಿರುಗಿಸಿದ ಕೂಡಲೇ ಭಗ್ಗೆಂದು ಹತ್ತಿಕೊಂಡು, ಹೆಂಡತಿಯ ಕಣ್ಣೆದುರಿಗೇ ನಡುಹೊಳೆಯಲ್ಲಿ ಸುಟ್ಟುಹೋದ. ಮರುವಾರದಿಂದ ಆಕೆ ಕೊಡತಿ ಹಿಡಿದಳು. ಹಳೆಯ ದೋಣಿ ಕೊಳ್ಳುವವರು ಬಂದು ಕರೆಯುತ್ತಿದ್ದರು. ಮಾರುವವನು ತೀರಾ ಕಡಿಮೆ ಕೇಳಿದರೆ, "ಹುಚ್ಚಪ್ಪ, ಇನ್ನೂ ಐವತ್ತು ಕೇಳು," ಎಂದು ಅವನಿಗೂ ಬೈಯುತ್ತಿದ್ದಳು. ಅದಕ್ಕೇ ಆಕೆಯ ಬೆಲೆಗೆ ಎರಡೂ ಕಡೆಯವರು ತಲೆಬಾಗುತ್ತಿದ್ದರು.

ತಲೆಬಾಗದವನೊಬ್ಬನಿದ್ದ, ಕೋಟು ಬೂಟಿನ ದಲ್ಲಾಳಿ. ಅವನ ದೋಣಿಯ ಬಲಮಗ್ಗುಲಿಗೆ ಏಟು ಬಿದ್ದಾಗ ಆಸಾಮಿ ಒಮ್ಮೆ ತನ್ನ ಬೂಟು ನೋಡಿಕೊಂಡ, ಅಷ್ಟೇ. ಯಮನವ್ವ ಎರಡೂ ಕೈಯಲ್ಲಿ ಹಿಡಿದು ಮತ್ತೆ ಅಲ್ಲಿಗೇ ಬೀಸಿದಳು. ಕೊಡತಿ ಹಲಗೆಯನ್ನು ಸೀಳಿ ಆಚೆ ಹೊರಟಿತು. ದಲ್ಲಾಳಿ ಆಕೆಯ ತುರುಬು ಹಿಡಿದೆಳೆದು, ಕೆಸರಿನಲ್ಲಿ ಕೆಡವಿ, ಹೊಟ್ಟೆಗೆ ಒದ್ದ. "ಮ್ಹಾತಾರೆ, ತುಲಾ ಆಜ್ ಮಾರೂನ್ ಟಾಕ್ತೋ," ಮುದುಕಿ, ಇವತ್ತು ನಿನ್ನನ್ನು ಕೊಂದೇ ಹಾಕುತ್ತೇನೆ ಎಂದು ಮರಾಠಿಯಲ್ಲಿ ಅರಚುತ್ತಿದ್ದ. ಬಿದ್ದಲ್ಲಿಂದಲೇ ಅವನ ಮೊಳಕಾಲಿಗೆ ಕೊಟ್ಟಳು ನೋಡಿ ಒಂದು, ಎಲುಬು ಮುರಿದ ಸದ್ದು ದಂಡೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಪೊಲೀಸರು ಆಕೆಯನ್ನು ಎರಡು ದಿನ ಕೂಡಿಹಾಕಿದರು. ಬಿಟ್ಟ ದಿನ, ಊದಿದ ತುಟಿ ಹೊತ್ತುಕೊಂಡೇ ಆಕೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅವನ ಮನೆಗೇ ಹೋಗಿ ಬೆಲೆ ಹೇಳಿಬಂದಳು: "ಇಂಜಿನ್ನಿಗೆ ನೂರಾ ಎಂಬತ್ತು. ಕಟಗಿ ಒಲಿಗೆ ಹಾಕ್ರಿ." ಅವನು ಅಷ್ಟಕ್ಕೇ ಮಾರಿದ.

ನಾನು ಆಗ ಪುಣೆ ಕ್ಯಾಂಪಿನಲ್ಲಿ ಖಾನಾವಳಿ ನಡೆಸುತ್ತಿದ್ದೆ. ಧಾರವಾಡ ಕಡೆಯವನು, ಮೂಗಿನ ತುದಿಯಲ್ಲೇ ಸಿಟ್ಟು. ಸಾರು ತಣ್ಣಗಿದೆ ಎಂದವರ ಮುಂದಿನ ತಾಟನ್ನು ಕಿತ್ತುಕೊಂಡು ಎಬ್ಬಿಸಿ ಕಳಿಸಿದ್ದೂ ಉಂಟು. ನನಗೆ ಹಾಲು ಬರುತ್ತಿದ್ದುದು ಖಡಕ್‌ವಾಸಲಾ ಕೆರೆಯ ಆಚೆ ದಂಡೆಯ ಹಳ್ಳಿಗಳಿಂದ. ಹುಟ್ಟು ಹಾಕುವ ದೋಣಿ ಈಚೆ ದಂಡೆ ಮುಟ್ಟುವಷ್ಟರಲ್ಲಿ ಬಿಸಿಲೇರಿ ಅರ್ಧ ಹಾಲು ಒಡೆದಿರುತ್ತಿತ್ತು. ಮೋಟಾರು ದೋಣಿಯೊಂದೇ ದಾರಿ ಎಂದು ಹೆಂಡತಿಯ ಬಂಗಾರದ ಪಾಟಲಿ ಬಳೆ ಮಾರಿ ಏಳುನೂರು ರೂಪಾಯಿ ಜೋಡಿಸಿದೆ. ಆ ದುಡ್ಡು ನೀರುಪಾಲಾದರೆ ಖಾನಾವಳಿಗೆ ಬೀಗ ಹಾಕಿ ಊರಿಗೆ ಹೋಗುವುದೊಂದೇ ಉಳಿದಿತ್ತು.

ಯುದ್ಧ ಮುಗಿದ ಮರುವರ್ಷ. ಬರ್ಮಾದಲ್ಲಿ ಕಾದಾಡಿ ಬಂದ ಬಿಳಿ ಸಾರ್ಜೆಂಟ್ ಒಬ್ಬ ತನ್ನ ದೇಶಕ್ಕೆ ಹೊರಟಿದ್ದ. ಅದೇ ಕೆರೆಯಲ್ಲಿಟ್ಟಿದ್ದ ತನ್ನ ದೋಣಿಗೆ ಏಳುನೂರೇ ಕೇಳಿದ. ಯಮನವ್ವನನ್ನು ಕರೆದುಕೊಂಡು ಹೋದೆ. ಸಾಗವಾನಿಯ ಉದ್ದನೆಯ ದೋಣಿ, ಮುಂದೆ ಹಿತ್ತಾಳೆಯ ಗಂಟೆ. ನನ್ನ ಜೀವ ಅದರ ಮೇಲೆ ಹೋಯಿತು. ಎಮ್ಮೆಯ ಬೆನ್ನು ಸವರುವ ಹಾಗೆ ಸವರಿದೆ. ಯಮನವ್ವ ಫಟಾರೆಂದು ನನ್ನ ಕಪಾಳಕ್ಕೆ ಬಾರಿಸಿದಳು, ಸಾರ್ಜೆಂಟನ ಎದುರಿಗೇ.

"ಕೈ ಹಿಂದ ಕಟ್ಟಿಕೊಂಡು ನಿಂದರ್ರಿ, ಸಾವಕಾರ. ನೀವು ಹಲ್ಲ ಕಿಸದ್ರ ಐವತ್ತು ಏರ್ತದ."

ಮೈಯೆಲ್ಲ ಉರಿದುಹೋಯಿತು. ಆದರೂ ಕೈ ಹಿಂದೆ ಕಟ್ಟಿ ನಿಂತೆ.

ಆಕೆ ಹೊಡೆಯತೊಡಗಿದಳು. ಸಾರ್ಜೆಂಟ್ ದೋಣಿಯ ಅಂಚಿಗೆ ಕೈಯಿಟ್ಟು ಸಿಗರೇಟು ಸೇದುತ್ತ ನಿಂತಿದ್ದ. ಎಡಮಗ್ಗುಲು, ಬಲಮಗ್ಗುಲು, ತಳ. ಅವನ ಮುಖ ಅಲುಗಲಿಲ್ಲ. ಅವನ ಬೆರಳುಗಳಿಂದ ಅಂಗುಲ ದೂರಕ್ಕೆ ಕೊಡತಿ ಅಪ್ಪಳಿಸಿದಳು. ಅವನು ಕೈ ತೆಗೆಯಲೂ ಇಲ್ಲ. ಕಡೆಗೆ ಇಂಜಿನ್ನು ಕೂರಿಸಿದ್ದ ದಿಮ್ಮಿಗೆ ಏಟು ಬಿತ್ತು. ಅಲ್ಲಿಯತನಕ ಟಣ್ ಎನ್ನುತ್ತಿದ್ದ ಮರ ಅಲ್ಲಿ ಮಾತ್ರ ಥಪ್ ಎಂದಿತು, ನೆನೆದ ಗೋಣಿಚೀಲಕ್ಕೆ ಹೊಡೆದ ಹಾಗೆ. ನನಗೆ ಕೇಳಿಸಿತು. ಆಕೆಗೆ ಕೇಳಿಸಲಿಲ್ಲ, ಆಕೆ ಸಾರ್ಜೆಂಟನನ್ನೇ ನೋಡುತ್ತಿದ್ದಳು. ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ದೋಣಿ ಬೇಡವೆಂದಾಳು ಎಂಬ ಭಯ, ಕಪಾಳದ ಉರಿ ಬೇರೆ. ಇಷ್ಟು ಬಲ್ಲ ಹೆಂಗಸಿಗೆ ಗೊತ್ತಾಗದೆ ಇದ್ದೀತೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಇಂಥಾ ಮಾರಿ ನಾ ನೋಡಿಲ್ರಿ," ಎಂದಳು ಯಮನವ್ವ. "ಕೂದಲೆಳಿ ಅಷ್ಟೂ ಅಲಗಲಿಲ್ಲ. ದೋಣಿ ಗಟ್ಟಿ ಅದ. ಕೇಳಿದಷ್ಟು ಕೊಟ್ಟುಬಿಡ್ರಿ."

ತಾನು ಬೆಲೆ ಹೇಳಿದ ದೋಣಿಯ ಮೊದಲ ಸವಾರಿಗೆ ತಾನೂ ಕೂರುವುದು ಆಕೆಯ ಪದ್ಧತಿ. ಮರುದಿನ ಬೆಳಿಗ್ಗೆ ಆಚೆ ದಂಡೆಯಲ್ಲಿ ಆರು ಕ್ಯಾನು ಹಾಲು ತುಂಬಿಕೊಂಡು ಇಬ್ಬರೇ ಹೊರಟೆವು. ನಡುಕೆರೆಯಲ್ಲಿ ನಾನು ಹುರುಪಿನಿಂದ ವೇಗ ಏರಿಸಿದೆ. ಕಾಲಡಿಯಲ್ಲಿ ಏನೋ ಕುಸಿಯಿತು. ದಿಮ್ಮಿ ಪುಡಿಯಾಗಿ, ತಿರುಗುತ್ತಿದ್ದ ಇಂಜಿನ್ನು ಮೊಳೆ ಕಿತ್ತುಕೊಂಡು ಮಗ್ಗುಲಾಯಿತು. ಅದರ ಕಬ್ಬಿಣದ ದಂಡ ತಳದ ಹಲಗೆಗಳನ್ನು ಚಿಂದಿ ಮಾಡಿತು. ಹತ್ತಿರ ಕೂತಿದ್ದ ಯಮನವ್ವನ ಕಾಲಿನ ಮೇಲೆ ಇಡೀ ಇಂಜಿನ್ನು ಬಿತ್ತು. ಒಳಗೆ ನುಗ್ಗಿದ ನೀರು ಕೆಂಪಾಯಿತು.

ಆಕೆ ಕೈಗೆಟುಕಿದ ಕ್ಯಾನಿನ ಹಾಲು ಚೆಲ್ಲಿ, ಮುಚ್ಚಳ ಗುದ್ದಿ ಕೂರಿಸಿ, ನನ್ನ ಕಡೆ ತಳ್ಳಿದಳು. "ಇದನ್ನ ತಬ್ಬಿಕೊಂಡು ನೀರಿಗೆ ಬೀಳ್ರಿ. ದೋಣಿ ಬಿಡ್ರಿ."

ನನಗೆ ಈಜು ಬಾರದು. ದೋಣಿಯ ಅಂಚನ್ನು ಬಲಗೈಯಲ್ಲಿ ಹಿಡಿದವನು ಬಿಡಲೇ ಇಲ್ಲ. ಆಕೆ ಕೂತಲ್ಲಿಂದಲೇ ಕೊಡತಿ ಎತ್ತಿ ನನ್ನ ಬೆರಳಿನ ಮೇಲೆ ಹೊಡೆದಳು. ಎರಡು ಬೆರಳು ಮುರಿದವು. ರಂಡೆ, ಮುಂಡೆ ಎಂದು ಬಾಯಿಗೆ ಬಂದಂತೆ ಬೈದೆ, ಬಿಡಲಿಲ್ಲ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಕೈ ತಾನಾಗಿ ಬಿಟ್ಟಿತು, ಕ್ಯಾನು ತಬ್ಬಿಕೊಂಡು ನೀರಿಗೆ ಬಿದ್ದೆ.

ತಿರುಗಿ ನೋಡಿದಾಗ ನೀರು ಆಕೆಯ ಎದೆಯ ಮಟ್ಟಕ್ಕೆ ಬಂದಿತ್ತು. ನೂರಾರು ಸಲ ಬೆಲೆ ಹೇಳಿದ ಅದೇ ದನಿಯಲ್ಲಿ ಹೇಳಿದಳು: "ನಂದ ತಪ್ಪಾತ್ರಿ, ಸಾವಕಾರ. ಇದಕ ಎರಡ ನೂರು ಸಾಕಾಗಿತ್ತು."

ಬಾಯಲ್ಲಿ ನೀರು ತುಂಬಿತ್ತು, ಅದಕ್ಕೇ ಉತ್ತರ ಕೊಡಲಾಗಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಬಾಯಿ ನೀರಿನ ಮೇಲೇ ಇತ್ತು. ದೋಣಿಯೊಂದಿಗೆ ಆಕೆ ಕೆಳಗೆ ಹೋದಳು, ನಾನು ಹಾಲು ಹರಡಿದ ನೀರಿನಲ್ಲಿ ತೇಲುತ್ತಿದ್ದೆ. ಮೀನು ಹಿಡಿಯುವವರು ಬಂದು ಎಳೆದುಕೊಂಡರು.

ಮರುದಿನ ಆ ಸಾರ್ಜೆಂಟನನ್ನು ಕೊಂದೇಬಿಡುತ್ತೇನೆಂದು ಹುಡುಕಿಕೊಂಡು ಹೋದೆ. ಸಾಮಾನು ಕಟ್ಟುತ್ತಿದ್ದ. ಏನೂ ಕೇಳದೆ ಎಡಗೈ ಮುಷ್ಟಿಯಿಂದ ಮುಖಕ್ಕೆ ಗುದ್ದಿದೆ. ಮೂಗಿನಿಂದ ರಕ್ತ ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಮತ್ತೆ ಗುದ್ದಿದೆ. ರೆಪ್ಪೆ ಬಡಿಯಲಿಲ್ಲ. "ಔರ್ ಮಾರೋ," ಎಂದ ಹಿಂದಿಯಲ್ಲಿ, ಇನ್ನೂ ಹೊಡಿ ಎಂದು, ಕುಡಿಯಲು ನೀರು ಕೇಳಿದಷ್ಟು ಮೆಲ್ಲಗೆ. ನನ್ನ ಕೈ ಕೆಳಗಿಳಿಯಿತು. ದೋಣಿ ಕೊಳೆತದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಗೊತ್ತಿದ್ದರೂ ಆ ಮುಖ ಅಲುಗುತ್ತಿರಲಿಲ್ಲ. ಆ ಮನುಷ್ಯನಿಗೆ ದೋಣಿಯೂ ಬೇಕಿರಲಿಲ್ಲ, ರೊಕ್ಕವೂ ಬೇಕಿರಲಿಲ್ಲ, ಜೀವವೂ ಬೇಕಿರಲಿಲ್ಲ. ಅಂಥವನೊಬ್ಬ ದೋಣಿ ಮಾರಲು ಬಂದಾನೆಂದು ಯಮನವ್ವನಿಗೆ ಹೇಗೆ ತಿಳಿಯಬೇಕು.

ಮೂರನೆಯ ದಿನ ಹೆಣ ತೇಲಿತು. ಮಣ್ಣು ಕೊಡಲು ಹೊಳೆದಂಡೆಯ ಜನರೆಲ್ಲ ಬಂದಿದ್ದರು. ಆಕೆಯ ಮಾತಿನ ಮೇಲೆ ದೋಣಿ ಕೊಂಡವರು, ಮಾರಿದವರು.

"ಮುದುಕಿಗೆ ವಯಸ್ಸಾಗಿತ್ರಿ," ಎಂದ ಒಬ್ಬ. "ಕಡೀ ಬೆಲಿ ತಪ್ಪು ಹೇಳಿ, ಆ ತಪ್ಪಿಗೇ ಸತ್ಲು." ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ಜೊತಿಗೆ ನೀವ ಇದ್ದಿರಲ್ಲ, ಸಾವಕಾರ. ಮುದುಕೀದ ತಪ್ಪು, ಹೌದಿಲ್ರಿ?"

ನಾನು ಹೌದ್ರಿ ಅಂದೆ.