ಪೇಟ ಕಟ್ಟಲು ಹೋಗಿ ಕಾಲ ಬಳಿ ಕುಳಿತೆ

ಗುಲ್‌ರುಖ್‌ಳ ಕಾಲಿಗೆ ಹನ್ನೆರಡು ವರ್ಷ ಗೆಜ್ಜೆ ಕಟ್ಟಿದವಳು ನಾನು, ರಹೀಮನ್. ದಿಲ್ಲಿಯ ಚಾವ್ಡಿ ಬಜಾರಿನ ಕುಣಿಯುವವರ ಮಹಡಿಗೆ ಅವಳು ಒಂಬತ್ತು ವರ್ಷದವಳಾಗಿ ಬಂದಾಗ ತಲೆಯ ಹೇನು ತೆಗೆದವಳೂ ನಾನೇ. ಬಹ್ರಾಂಗಢದ ಜಾಗೀರುದಾರ ನಜಾಬತ್ ಖಾನರು ಕುಣಿತ ನೋಡಿ ಮೆಚ್ಚಿ ನಿಕಾಹ್ ಮಾಡಿಕೊಂಡರು. ಅವಳು ನನ್ನನ್ನೂ ಜೊತೆಗೆ ಕರೆತಂದಳು.

ಆಮೇಲೆ ಅವಳು ಗೆಜ್ಜೆ ಮುಟ್ಟಲಿಲ್ಲ. ಕುದುರೆ ಹತ್ತುವುದು ಕಲಿತಳು, ಗಂಡನ ಜೊತೆ ಮೂರು ಯುದ್ಧಕ್ಕೆ ಹೋದಳು. ಖಾನರಿಗೆ ಅಫೀಮು ಹೆಚ್ಚಾದಂತೆ ಜಾಗೀರಿನ ಮುದ್ರೆಯೂ ಅವಳ ಕೈಗೇ ಬಂತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಖಾನರು ಮಕ್ಕಳಿಲ್ಲದೆ ತೀರಿಕೊಂಡರು. ಮೂರನೇ ದಿನ ಫಾತಿಹಾ ಓದಿ, ಸತ್ತವರ ಪೇಟವನ್ನು ವಾರಸುದಾರರ ತಲೆಗೆ ಕಟ್ಟುವುದು ನಮ್ಮ ಪದ್ಧತಿ. ಪೇಟ ಯಾರದೋ ಕೋಟೆ ಅವರದು. ಖಾನರ ತಮ್ಮನ ಮಗ ದಿಲಾವರ್ ಆಗಲೇ ಸಾರಿದ್ದ: "ಪೇಟ ನಂಗೆ ಬರ್ಲಿ. ಅವತ್ತೇ ಆ ಕುಣಿಯೋಳನ್ನ ಮಹಡಿಗೆ ವಾಪಸ್ ಕಳಿಸ್ತೀನಿ. ಆ ಮುದುಕೀನೂ!"

ಮುದುಕಿ ಎಂದರೆ ನಾನು.

ಪರದೆಯ ಹಿಂದೆ ನಾಲ್ಕು ತಿಂಗಳು ಕೂರಬೇಕಾದ ವಿಧವೆ ಬಿಳಿ ಬಟ್ಟೆಯಲ್ಲಿ ಅಂಗಳಕ್ಕೇ ಬಂದು ಸರದಾರರು, ಸಿಪಾಯಿಗಳ ಮುಂದೆ ನಿಂತಳು. ಅವಳು ಅತ್ತಿರಲಿಲ್ಲ. ನಾನೂ ಅತ್ತಿರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

"ಮೂರು ಯುದ್ಧದಲ್ಲಿ ನಿಮ್ಮ ಜೊತೆ ನಿಂತೋಳು ನಾನು. ಆಗ ದಿಲಾವರ್ ಎಲ್ಲಿದ್ದ?"

"ಹೊಟ್ಟೆನೋವು ಅಂತ ಮಲಗಿದ್ದ!" ಹಿಂದಿನಿಂದ ಒಬ್ಬ ಸಿಪಾಯಿ ಕೂಗಿದ. ಎಲ್ಲರೂ ನಕ್ಕರು.

ಹಿರಿಯ ಸರದಾರ ಹಶ್ಮತ್ ಮೀರ್ ಪೇಟ ಎತ್ತಿಕೊಂಡವನು ಅಲ್ಲೇ ನಿಂತ. "ನಂಗೇನೋ ಒಪ್ಪಿಗೇನೇ ಬೀಬಿ. ಆದ್ರೆ ಪರಗಂಡಸು ನಿಮ್ಮ ತಲೆ ಮುಟ್ಟಂಗಿಲ್ವಲ್ಲ."

"ರಹೀಮನ್ ಖಾಲಾ ಕಟ್ತಾಳೆ." ಖಾಲಾ, ಚಿಕ್ಕಮ್ಮ ಅಂತಲೇ ಅವಳು ನನ್ನನ್ನು ಕರೆಯುತ್ತಿದ್ದುದು.

ಪೇಟ ನನ್ನ ಕೈಗೆ ಬಂತು. ಗೆಜ್ಜೆ ಕಟ್ಟುವ ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮವರ ರೂಢಿ. ಹಾಳು ಕೈ ಪೇಟವನ್ನೂ ಕಣ್ಣಿಗೊತ್ತಿತು. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಹನ್ನೆರಡು ವರ್ಷದ ಅಭ್ಯಾಸ, ನಾನು ಅವಳ ಕಾಲ ಬಳಿ ಕುಳಿತುಬಿಟ್ಟೆ. ಖಾನರ ಪೇಟ ಅವಳ ಪಾದದ ಮೇಲಿತ್ತು.

ದಿಲಾವರ್ ಚಪ್ಪಾಳೆ ತಟ್ಟಿದ. "ನೋಡಿದ್ರಾ? ತಬಲಾದೋನನ್ನೂ ಕರೀರಿ!" ಈ ಸಲ ಸಿಪಾಯಿಗಳು ನಕ್ಕದ್ದು ಅವಳನ್ನು ನೋಡಿ. ಹಶ್ಮತ್ ಮೀರ್ ಮುಖ ತಿರುಗಿಸಿದ.

"ಎದ್ದೇಳು," ಅಂದಳು ಗುಲ್‌ರುಖ್. ಎದ್ದೆ. "ಕಟ್ಟು." ಕಟ್ಟಿದೆ. ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದಳು: "ಖಾನರ ಪೇಟಾನ ಕಾಲಿಗೆ ತಂದೋರಿಗೆ ಈ ಕೋಟೇಲಿ ಜಾಗ ಇಲ್ಲ. ಇವಳನ್ನ ಈಗ್ಲೇ ದಿಲ್ಲಿ ಗಾಡಿ ಹತ್ತಿಸಿ."

ನಗು ನಿಂತಿತು. ಹಶ್ಮತ್ ಮೀರ್ ಮೊದಲು ತಲೆಬಾಗಿದ, ಆಮೇಲೆ ಸಿಪಾಯಿಗಳು, ಕೊನೆಗೆ ದಿಲಾವರ್. ನಾನೂ ಬಾಗಿದೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ದಾರಿಯಲ್ಲಿ ಗಾಡಿಯವನು ಕೇಳಿದ: "ಹೊಸ ಬೇಗಂ ಸಾಹೇಬರು ಮೊದ್ಲು ಕುಣೀತಿದ್ರಂತೆ, ನಿಜವಾ ಅಜ್ಜಿ? ನೀವು ನೋಡಿದೀರಾ?"

"ಇಲ್ಲಪ್ಪ," ಅಂದೆ. "ನಾನು ನೋಡಿಲ್ಲ."